ಶಾಲಾ ಕಟ್ಟಡ ಮುಚ್ಚಿದ ಅವಧಿಯಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ಪರ್ಯಾಯ ಕಲಿಕೆ: ಪೋಷಕರಿಗೆ ಮಾಹಿತಿ

ಪೀಠಿಕೆ

ಅತಿವೃಷ್ಟಿ, ಪ್ರವಾಹ, ಸಾಂಕ್ರಾಮಿಕ ರೋಗ, ಶಿಥಿಲಗೊಂಡ ಕೊಠಡಿಗಳ ದುರಸ್ತಿ ಮುಂತಾದ ಕಾರಣಗಳಿಂದ ಪ್ರಾಥಮಿಕ ಶಾಲೆಯ ಕಟ್ಟಡವನ್ನು ಕೆಲವು ದಿನಗಳ ಅಥವಾ ಕೆಲವು ತಿಂಗಳುಗಳ ಕಾಲ ಮುಚ್ಚಬೇಕಾದ ಸಂದರ್ಭಗಳು ಬರುತ್ತವೆ. ಅಂತಹ ಅವಧಿಯಲ್ಲಿ ಮಕ್ಕಳ ಕಲಿಕೆಯನ್ನು ಶಾಲೆಯು ಹೇಗೆ ಮುಂದುವರಿಸುತ್ತದೆ, ಪೋಷಕರು ಯಾವ ವಿಷಯಕ್ಕೆ ಯಾರನ್ನು ಸಂಪರ್ಕಿಸಬೇಕು, ಯಾವ ಸಂದರ್ಭದಲ್ಲಿ ಲಿಖಿತ ಅರ್ಜಿ ಸಲ್ಲಿಸಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಒಂದು ಅಂಶವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಸೂಕ್ತ. ಕಟ್ಟಡಕ್ಕೆ ಬೀಗ ಹಾಕಿದ ಮಾತ್ರಕ್ಕೆ ಮಗುವಿನ ದಾಖಲಾತಿ ರದ್ದಾಗುವುದಿಲ್ಲ. ಕಲಿಕೆಯ ಹಕ್ಕು ಮೊಟಕುಗೊಳ್ಳುವುದಿಲ್ಲ. ಮನೆಯಲ್ಲಿ ಮೊಬೈಲ್ ಇಲ್ಲ ಅಥವಾ ಇರುವ ಒಂದು ಮೊಬೈಲ್ ಬೆಳಗಾದರೆ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ ಎಂಬ ಕಾರಣಕ್ಕೆ ಯಾವ ಮಗುವನ್ನೂ ಕಲಿಕೆಯಿಂದ ಹೊರಗಿಡಲು ಅವಕಾಶವಿಲ್ಲ. ಪರ್ಯಾಯ ಕಲಿಕೆಯ ವ್ಯವಸ್ಥೆ ಸರಿಯಾಗಿದೆಯೇ ಎಂಬುದನ್ನು ಪರೀಕ್ಷಿಸುವಾಗ ಮೊದಲು ನೋಡಬೇಕಾದುದು ಇಂತಹ ಮಗುವಿಗೆ ಪಾಠ ತಲುಪಿದೆಯೇ ಎಂಬುದನ್ನು.

1. ಕಟ್ಟಡ ಮುಚ್ಚುವ ಸಂದರ್ಭಗಳು

ಶಾಲೆ ಮುಚ್ಚುವ ಸಂದರ್ಭಗಳನ್ನು ಅವಧಿಯ ಆಧಾರದ ಮೇಲೆ ಮೂರು ಬಗೆಯಾಗಿ ವಿಂಗಡಿಸಬಹುದು.

(ಅ) ಒಂದೆರಡು ದಿನಗಳ ರಜೆ: ಮುಂಗಾರು ಮಳೆಯ ತಿಂಗಳುಗಳಲ್ಲಿ ಕರಾವಳಿ, ಮಲೆನಾಡು ಹಾಗೂ ಕೊಡಗಿನಲ್ಲಿ ಭಾರಿ ಮಳೆಯ ಮುನ್ಸೂಚನೆ ಇದ್ದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ಇಂತಹ ರಜೆಗೆ ಮನೆಯಿಂದ ಕಲಿಕೆಯ ವಿಶೇಷ ವ್ಯವಸ್ಥೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಷ್ಟವಾದ ಬೋಧನಾ ಅವಧಿಯನ್ನು ಶನಿವಾರ ಮಧ್ಯಾಹ್ನ ಅಥವಾ ಬೇರೆ ರಜಾ ದಿನಗಳಲ್ಲಿ ತರಗತಿ ನಡೆಸಿ ಸರಿದೂಗಿಸುವುದು ರೂಢಿಯಲ್ಲಿದೆ.

(ಆ) ಕೆಲವು ವಾರಗಳ ಅವಧಿ: ಪ್ರವಾಹದ ಸಂದರ್ಭದಲ್ಲಿ ಶಾಲಾ ಕಟ್ಟಡಕ್ಕೆ ನೀರು ನುಗ್ಗಬಹುದು ಅಥವಾ ಕಟ್ಟಡವನ್ನೇ ಸಂತ್ರಸ್ತರ ಪರಿಹಾರ ಕೇಂದ್ರವಾಗಿ ಬಳಸಬೇಕಾಗಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭೂಕುಸಿತಗಳು ಸಂಭವಿಸಿದಾಗ ಹಾಗೂ 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿ ತೀರದ ಗ್ರಾಮಗಳು ಜಲಾವೃತಗೊಂಡಾಗ ಇಂತಹ ಪರಿಸ್ಥಿತಿ ಉಂಟಾಗಿತ್ತು. ಕೊಠಡಿಗಳು ಶಿಥಿಲಗೊಂಡು ಬಳಕೆಗೆ ಯೋಗ್ಯವಲ್ಲವೆಂದು ಕಂಡುಬಂದಾಗಲೂ ದುರಸ್ತಿ ಮುಗಿಯುವವರೆಗೆ ತರಗತಿಗಳನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಗುತ್ತದೆ.

(ಇ) ದೀರ್ಘಾವಧಿ: ಕೋವಿಡ್-19 ಸಾಂಕ್ರಾಮಿಕದ ಕಾರಣ 2020ರ ಮಾರ್ಚ್‌ನಲ್ಲಿ ರಾಜ್ಯದ ಶಾಲೆಗಳನ್ನು ಮುಚ್ಚಲಾಯಿತು. 1ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲೆಗಳು ಪುನಃ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. 2020ರಲ್ಲಿ 1ನೇ ತರಗತಿಗೆ ದಾಖಲಾದ ಮಗು ಮೊದಲ ಬಾರಿಗೆ ತರಗತಿಯ ಕೊಠಡಿಯಲ್ಲಿ ಕುಳಿತದ್ದು 2ನೇ ತರಗತಿಯ ಮಧ್ಯಭಾಗದಲ್ಲಿ. ಪ್ರಸ್ತುತ ಲೇಖನದಲ್ಲಿ ವಿವರಿಸಿರುವ ಕ್ರಮಗಳಲ್ಲಿ ಹೆಚ್ಚಿನವು ಈ ಅವಧಿಯ ಅನುಭವದಿಂದ ರೂಪುಗೊಂಡವಾಗಿವೆ.

2. ಕಾನೂನಿನ ಆಧಾರ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009 ದಿನಾಂಕ 1-4-2010ರಿಂದ ಜಾರಿಯಲ್ಲಿದ್ದು, 6ರಿಂದ 14 ವರ್ಷದ ಪ್ರತಿ ಮಗುವಿಗೂ ಪ್ರಾಥಮಿಕ ಶಿಕ್ಷಣದ ಹಕ್ಕನ್ನು ನೀಡಿದೆ. ಪೋಷಕರು ತಿಳಿದಿರಬೇಕಾದ ಅಂಶಗಳು ಈ ಕೆಳಕಂಡಂತಿವೆ:

– ಕಾಯ್ದೆಯ ಅನುಸೂಚಿಯನ್ವಯ ಒಂದು ಶೈಕ್ಷಣಿಕ ವರ್ಷದಲ್ಲಿ 1ರಿಂದ 5ನೇ ತರಗತಿಗೆ ಕನಿಷ್ಠ 200 ಕೆಲಸದ ದಿನಗಳು ಹಾಗೂ 800 ಬೋಧನಾ ಗಂಟೆಗಳು, 6ರಿಂದ 8ನೇ ತರಗತಿಗೆ ಕನಿಷ್ಠ 220 ಕೆಲಸದ ದಿನಗಳು ಹಾಗೂ 1000 ಬೋಧನಾ ಗಂಟೆಗಳು ಇರತಕ್ಕದ್ದು.

– ಪ್ರಕರಣ 24ರನ್ವಯ ಶಿಕ್ಷಕರು ಪಠ್ಯವನ್ನು ನಿಗದಿತ ಅವಧಿಯಲ್ಲಿ ಪೂರ್ಣಗೊಳಿಸುವುದು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಗುರುತಿಸಿ ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಹಾಗೂ ಪೋಷಕರೊಡನೆ ನಿಯಮಿತವಾಗಿ ಸಭೆ ನಡೆಸುವುದು ಅವರ ಕರ್ತವ್ಯಗಳಾಗಿವೆ.

– ಪ್ರಕರಣ 16ರನ್ವಯ ಪ್ರಾಥಮಿಕ ಶಿಕ್ಷಣ ಪೂರ್ಣಗೊಳ್ಳುವವರೆಗೆ ಯಾವುದೇ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಕಟ್ಟಡ ಮುಚ್ಚಿದ ಅವಧಿಯಲ್ಲಿ ಮಗು ಸಂಪರ್ಕಕ್ಕೆ ಸಿಗಲಿಲ್ಲ ಎಂಬುದು ಹೆಸರು ತೆಗೆಯಲು ಕಾರಣವಾಗದು.

3. ಹಿಂದಿನ ಅನುಭವದಿಂದ ತಿಳಿದುಬಂದ ಅಂಶಗಳು

ಪ್ರಾಥಮಿಕ ಶಾಲೆಯ ಕಲಿಕಾ ಸಾಧನಗಳಲ್ಲಿ ಬಹುಪಾಲು ಶಾಲೆಯ ಒಳಗೇ ಇರುತ್ತವೆ. 2004ರ ಸೆಪ್ಟೆಂಬರ್‌ನಲ್ಲಿ ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ಪ್ರಸಾರ ಮಾಡುವ ಪ್ರಯೋಗ ನಡೆಯಿತು. ಅದು ದೂರದಿಂದ ಪಾಠ ತಲುಪಿಸುವ ವ್ಯವಸ್ಥೆಯಾಗಿದ್ದರೂ ಅದನ್ನು ಸ್ವೀಕರಿಸುವ ಉಪಕರಣ ಶಾಲೆಯಲ್ಲಿತ್ತು. ಶಾಲೆಯ ಬಾಗಿಲು ಮುಚ್ಚಿದರೆ ಇಂತಹ ಪಾಠವೂ ಮಗುವಿಗೆ ಸಿಗುವುದಿಲ್ಲ. ಆದುದರಿಂದ ಕಟ್ಟಡ ಮುಚ್ಚಿದ ಅವಧಿಗೆ ಮಗುವಿನ ಮನೆಯ ಬಾಗಿಲಿಗೆ ತಲುಪುವ ವ್ಯವಸ್ಥೆಯೇ ಬೇಕಾಗುತ್ತದೆ.

2020ರಲ್ಲಿ ಹಲವೆಡೆ ಮೊದಲು ಆಯ್ದುಕೊಂಡ ಮಾರ್ಗ ಆನ್‌ಲೈನ್ ತರಗತಿ. ಆದರೆ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ವರದಿಯ ಪ್ರಕಾರ ಆ ಕಾಲದಲ್ಲಿ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಹೊಂದಿದ್ದವು ಶೇ. 15ರಷ್ಟು ಮಾತ್ರ. ಚಿಕ್ಕ ಮಕ್ಕಳ ಆರೋಗ್ಯ ಹಾಗೂ ಸಮಾನತೆಯ ಪ್ರಶ್ನೆಗಳೂ ಎದುರಾದವು. ರಾಜ್ಯ ಸರ್ಕಾರವು 2020ರ ಜೂನ್‌ನಲ್ಲಿ ಪ್ರಾಥಮಿಕ ತರಗತಿಗಳ ಆನ್‌ಲೈನ್ ಬೋಧನೆಯನ್ನು ನಿರ್ಬಂಧಿಸಿತು. ಜುಲೈನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಸದರಿ ನಿರ್ಬಂಧಕ್ಕೆ ತಡೆ ನೀಡಿತು. ಅದೇ ತಿಂಗಳು ದೂರದರ್ಶನದ ಚಂದನ ವಾಹಿನಿಯಲ್ಲಿ "ಸಂವೇದ" ಪಾಠಗಳು ಆರಂಭವಾದವು. ಆದರೆ ಅವು ಮೊದಲಿಗೆ ಪ್ರೌಢಶಾಲಾ ತರಗತಿಗಳಿಗೆ ಸೀಮಿತವಾಗಿದ್ದವು.

2020ರ ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ "ವಿದ್ಯಾಗಮ" ಕಾರ್ಯಕ್ರಮವನ್ನು ಆರಂಭಿಸಲಾಯಿತು. ಮಕ್ಕಳು ಶಾಲೆಗೆ ಬರುವ ಬದಲು ಶಿಕ್ಷಕರೇ ಮಕ್ಕಳ ವಾಸಸ್ಥಳಕ್ಕೆ ಹೋಗುವುದು ಇದರ ತಿರುಳಾಗಿತ್ತು. ದೇವಸ್ಥಾನದ ಜಗುಲಿ, ಸಮುದಾಯ ಭವನ, ಅರಳಿಕಟ್ಟೆ, ಮರದ ನೆರಳು ಇವೇ ತರಗತಿಗಳಾದವು. ಸೋಂಕಿನ ಆತಂಕದ ಕಾರಣ 2020ರ ಅಕ್ಟೋಬರ್‌ನಲ್ಲಿ ಕಾರ್ಯಕ್ರಮವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಯಿತು. 2021ರ ಜನವರಿಯಿಂದ ಮೇಲಿನ ತರಗತಿಗಳಿಗೆ ಶಾಲಾ ಆವರಣದಲ್ಲಿ ಪುನಃ ನಡೆಸಲಾಯಿತು.

ಕಟ್ಟಡ ಮುಚ್ಚಿದ್ದರ ಪರಿಣಾಮ ಅಲ್ಪವಾಗಿರಲಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ 5 ರಾಜ್ಯಗಳಲ್ಲಿ 2ರಿಂದ 6ನೇ ತರಗತಿಯ 16,067 ಮಕ್ಕಳ ಅಧ್ಯಯನ ನಡೆಸಿತು. ಹಿಂದಿನ ವರ್ಷ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಸರಾಸರಿ ಶೇ. 92ರಷ್ಟು ಮಕ್ಕಳೂ, ಗಣಿತದ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಶೇ. 82ರಷ್ಟು ಮಕ್ಕಳೂ ಮರೆತಿದ್ದರು ಎಂದು ಈ ಅಧ್ಯಯನ ತಿಳಿಸಿತು. ಕಟ್ಟಡ ಮುಚ್ಚಿದಾಗ ಹೊಸ ಪಾಠ ನಿಲ್ಲುವುದಷ್ಟೇ ಅಲ್ಲ, ಕಲಿತ ಪಾಠವೂ ಕೈಜಾರುತ್ತದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

4. ಶಾಲೆಯಲ್ಲಿ ಕಾರ್ಯ ನಡೆಯುವ ಕ್ರಮ

ಉತ್ತಮವಾಗಿ ಪರ್ಯಾಯ ಕಲಿಕೆಯನ್ನು ನಡೆಸುವ ಪ್ರಾಥಮಿಕ ಶಾಲೆಯಲ್ಲಿ ಕಾರ್ಯವು ಸಾಮಾನ್ಯವಾಗಿ ಈ ಕೆಳಕಂಡ ಹಂತಗಳಲ್ಲಿ ನಡೆಯುತ್ತದೆ.

4.1 ಮಕ್ಕಳ ಪಟ್ಟಿ: ಮೊದಲು ತರಗತಿ ಶಿಕ್ಷಕರು ಪ್ರತಿ ಮಗುವಿನ ಹೆಸರಿನ ಮುಂದೆ ನಾಲ್ಕು ವಿವರಗಳನ್ನು ಬರೆದುಕೊಳ್ಳುತ್ತಾರೆ. ಮಗು ಈಗ ವಾಸವಿರುವ ಸ್ಥಳ, ಪೋಷಕರ ದೂರವಾಣಿ ಸಂಖ್ಯೆ, ಮನೆಯಲ್ಲಿರುವ ಸಾಧನ ಹಾಗೂ ಆ ಸಾಧನ ಮಗುವಿನ ಕೈಗೆ ಸಿಗುವ ಸಮಯ. ನಾಲ್ಕನೆಯ ವಿವರವನ್ನು ಹಲವೆಡೆ ಕೇಳುವುದೇ ಇಲ್ಲ. ಮನೆಯಲ್ಲಿ ಮೊಬೈಲ್ ಇದೆ ಎಂದು ದಾಖಲಾಗಿರುತ್ತದೆ. ಆದರೆ ಅದು ಮನೆಗೆ ಬರುವುದು ರಾತ್ರಿ ಎಂಟು ಗಂಟೆಗೆ. ಅಕ್ಕ, ತಮ್ಮ ಇಬ್ಬರೂ ಅದೇ ಮೊಬೈಲ್‌ಗೆ ಕಾಯುತ್ತಿರಬಹುದು. ಹೀಗಾಗಿ ಪೋಷಕರು ಈ ವಿವರವನ್ನು ಯಾವ ಸಂಕೋಚವೂ ಇಲ್ಲದೆ ಶಿಕ್ಷಕರಿಗೆ ತಿಳಿಸುವುದು ಅವಶ್ಯ.

4.2 ಮೂರು ಗುಂಪುಗಳು: ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಯಾವುದೇ ಮೊಬೈಲ್ ಇಲ್ಲದವರು ಒಂದು ಗುಂಪು, ಇಂಟರ್‌ನೆಟ್ ಇಲ್ಲದ ಸಾಧಾರಣ ಮೊಬೈಲ್ ಇರುವವರು ಎರಡನೆಯ ಗುಂಪು, ಇಂಟರ್‌ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು ಮೂರನೆಯ ಗುಂಪು. ಈ ವಿಂಗಡಣೆ ಇಂದಿಗೂ ಉಪಯುಕ್ತವಾಗಿದೆ. ಇದು ಬುದ್ಧಿಮತ್ತೆಯ ಅಥವಾ ಅಂತಸ್ತಿನ ವಿಂಗಡಣೆಯಲ್ಲ. ಶಿಕ್ಷಕರು ತಮ್ಮ ಸಮಯವನ್ನು ಹಂಚಿಕೊಳ್ಳಲು ಮಾಡಿಕೊಂಡ ವ್ಯವಸ್ಥೆ ಮಾತ್ರ.

ಉದಾಹರಣೆಗೆ, 24 ಮಕ್ಕಳಿರುವ 4ನೇ ತರಗತಿಯೊಂದರಲ್ಲಿ 9 ಮಕ್ಕಳಿಗೆ ಸ್ಮಾರ್ಟ್‌ಫೋನ್, 8 ಮಕ್ಕಳಿಗೆ ಸಾಧಾರಣ ಮೊಬೈಲ್ ಲಭ್ಯವಿದ್ದು, 7 ಮಕ್ಕಳಿಗೆ ಯಾವುದೂ ಇಲ್ಲವೆಂದು ಭಾವಿಸೋಣ. ಮೊದಲ 9 ಮಕ್ಕಳಿಗೆ ವಾಟ್ಸ್‌ಆ್ಯಪ್ ಮೂಲಕ ಚಟುವಟಿಕೆ ಕಳುಹಿಸಬಹುದು. ನಂತರದ 8 ಮಕ್ಕಳಿಗೆ ಶಿಕ್ಷಕರು ಕರೆ ಮಾಡಿ ಪಾಠದ ಪುಟ, ಅಭ್ಯಾಸದ ಪ್ರಶ್ನೆ ತಿಳಿಸಬಹುದು. ಉಳಿದ 7 ಮಕ್ಕಳಿಗೆ ಶಿಕ್ಷಕರ ಭೇಟಿಯೊಂದೇ ಮಾರ್ಗ. ಆದುದರಿಂದ ಶಿಕ್ಷಕರ ಭೇಟಿಯ ದಿನಗಳಲ್ಲಿ ಹೆಚ್ಚಿನ ಪಾಲು ಈ 7 ಮಕ್ಕಳಿಗೆ ಮೀಸಲಾಗಿರಬೇಕು. ಎಲ್ಲ 24 ಮಕ್ಕಳಿಗೂ ವಾಟ್ಸ್‌ಆ್ಯಪ್ ಸಂದೇಶವನ್ನಷ್ಟೇ ಕಳುಹಿಸಿ ಪಾಠ ಮುಗಿದಿದೆ ಎಂದು ದಾಖಲಿಸಿದಲ್ಲಿ, ವಾಸ್ತವದಲ್ಲಿ 15 ಮಕ್ಕಳಿಗೆ ಪಾಠ ತಲುಪಿರುವುದಿಲ್ಲ.

4.3 ಕಲಿಕಾ ಸಾಮಗ್ರಿ: ಕಟ್ಟಡ ಮುಚ್ಚುವ ಸೂಚನೆ ದೊರೆತ ಕೂಡಲೇ ಪಠ್ಯಪುಸ್ತಕ, ಅಭ್ಯಾಸ ಪುಸ್ತಕ ಮತ್ತು ನೋಟ್ ಪುಸ್ತಕಗಳು ಮಕ್ಕಳ ಮನೆಯಲ್ಲಿವೆಯೇ ಎಂಬುದನ್ನು ಶಾಲೆ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಪಠ್ಯಪುಸ್ತಕದಲ್ಲಿ ಮುದ್ರಿತವಾಗಿರುವ ಕ್ಯೂ.ಆರ್. ಸಂಕೇತವನ್ನು ಸ್ಮಾರ್ಟ್‌ಫೋನ್ ಮೂಲಕ ತೆರೆದರೆ 2017ರಲ್ಲಿ ಆರಂಭವಾದ ದೀಕ್ಷಾ ಪೋರ್ಟಲ್‌ನಲ್ಲಿರುವ ಸಂಬಂಧಿತ ಪಾಠಗಳನ್ನು ನೋಡಬಹುದು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಅಭ್ಯಾಸ ಹಾಳೆಗಳನ್ನು ಕಾಗದದ ಮೇಲೆ ಒದಗಿಸುವುದು ಸೂಕ್ತ.

4.4 ವಾರದ ಸಂಪರ್ಕ: ಶಿಕ್ಷಕರು ಯಾವ ದಿನ, ಯಾವ ಹೊತ್ತಿಗೆ, ಯಾವ ಬೀದಿಗೆ ಬರುತ್ತಾರೆ ಎಂಬುದನ್ನು ಮೊದಲೇ ತಿಳಿಸಿದಲ್ಲಿ ಮಕ್ಕಳನ್ನು ಒಂದೆಡೆ ಸೇರಿಸಲು ಪೋಷಕರಿಗೆ ಅನುಕೂಲವಾಗುತ್ತದೆ. ಸೇರುವ ಜಾಗವು ಮಳೆ, ಬಿಸಿಲು ತಾಗದಂತಹುದೂ, ಯಾವುದೇ ಜಾತಿ ಅಥವಾ ಪಂಗಡದ ಮಗುವಿಗೆ ಪ್ರವೇಶ ನಿರಾಕರಿಸದಂತಹುದೂ ಆಗಿರತಕ್ಕದ್ದು. ಈ ಎರಡನೆಯ ಅಂಶದಲ್ಲಿ ಸಂದೇಹವಿದ್ದರೆ ಖಾಸಗಿ ಜಗುಲಿಗಿಂತ ಅಂಗನವಾಡಿ, ಸಮುದಾಯ ಭವನ ಅಥವಾ ಗ್ರಾಮ ಪಂಚಾಯಿತಿಯ ಸ್ಥಳವನ್ನು ಆಯ್ದುಕೊಳ್ಳುವುದು ಲೇಸು. ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಆರೋಗ್ಯ ಇಲಾಖೆಯ ಸೂಚನೆಗಳಿಗೆ ಒಳಪಟ್ಟೇ ಮಕ್ಕಳನ್ನು ಸೇರಿಸಬೇಕು.

4.5 ಕೃತಿ ಸಂಪುಟ: ಮಗು ಮನೆಯಲ್ಲಿ ಮಾಡಿದ ಬರವಣಿಗೆ, ಲೆಕ್ಕ, ಚಿತ್ರ ಇವೆಲ್ಲವನ್ನೂ ಮಗುವಿನ ಹೆಸರಿನ ಒಂದು ಕಡತದಲ್ಲಿ ಸೇರಿಸಿಡಲಾಗುತ್ತದೆ. ಇದನ್ನು ಕೃತಿ ಸಂಪುಟ ಎನ್ನುತ್ತಾರೆ. ಕಟ್ಟಡ ಮುಚ್ಚಿದ ಅವಧಿಯಲ್ಲಿ ಮಗು ಏನು ಕಲಿತಿದೆ ಎಂಬುದಕ್ಕೆ ಇದೇ ಆಧಾರ. ಪೋಷಕರು ಒಂದು ಹಾಳೆಯನ್ನೂ ಎಸೆಯದೆ, ದಿನಾಂಕ ಬರೆದು ಇಟ್ಟುಕೊಳ್ಳುವುದು ಒಳ್ಳೆಯದು.

5. 1ರಿಂದ 3ನೇ ತರಗತಿಯ ಮಕ್ಕಳು

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿಗೆ ಬಳಸುತ್ತಾ ಬಂದಿರುವ ನಲಿ-ಕಲಿ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲುಗೊಂಡಿತು. ಮಕ್ಕಳು ಗುಂಪಿನಲ್ಲಿ ಕುಳಿತು, ಕಾರ್ಡ್‌ಗಳನ್ನು ಕೈಯಿಂದ ಮುಟ್ಟಿ, ಹಾಡಿ, ಆಡಿ, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ವೇಗದಲ್ಲಿ ಹತ್ತುವುದು ಇದರ ವೈಶಿಷ್ಟ್ಯ. ಇಂತಹ ಕಲಿಕೆಯನ್ನು ಮೊಬೈಲ್ ಪರದೆಯ ಮೇಲೆ ಯಥಾವತ್ತಾಗಿ ನಡೆಸಲಾಗದು.

ಆದರೆ ಈ ವಯಸ್ಸಿನ ಮಗುವಿಗೆ ಬೇಕಾದ ಸಾಮಗ್ರಿ ಮನೆಯಲ್ಲಿಯೇ ಉಂಟು. ಹುಣಸೆ ಬೀಜ ಎಣಿಸುವುದು, ಹತ್ತರ ಗುಂಪು ಮಾಡುವುದು, ಅಂಗಡಿ ಚೀಟಿಯಲ್ಲಿನ ಹೆಸರುಗಳನ್ನು ಓದುವುದು, ಬಸ್ಸಿನ ಫಲಕ ಓದುವುದು, ಅಜ್ಜಿ ಹೇಳಿದ ಕಥೆಯನ್ನು ತಿರುಗಿ ಹೇಳುವುದು ಇವೆಲ್ಲವೂ ಕಲಿಕೆಯೇ ಆಗಿವೆ. ಓದು ಬಾರದ ಪೋಷಕರೂ ಮಗುವಿಗೆ ಇವುಗಳನ್ನು ಮಾಡಿಸಬಹುದು. ಶಿಕ್ಷಕರು ವಾರಕ್ಕೊಮ್ಮೆ ಇಂತಹ ಐದಾರು ಚಟುವಟಿಕೆಗಳನ್ನು ಸೂಚಿಸಿ, ಮುಂದಿನ ಭೇಟಿಯಲ್ಲಿ ಮಗುವಿನಿಂದ ಮಾಡಿಸಿ ನೋಡಿದಲ್ಲಿ ಕಲಿಕೆ ಕೈಜಾರದಂತೆ ಹಿಡಿದಿಡಲು ಸಾಧ್ಯವಾಗುತ್ತದೆ.

6. ಪರದೆಯ ಸಮಯ ಹಾಗೂ ಬೋಧನಾ ಗಂಟೆಗಳ ಲೆಕ್ಕ

ಕೇಂದ್ರ ಶಿಕ್ಷಣ ಸಚಿವಾಲಯವು 2020ರ ಜುಲೈನಲ್ಲಿ "ಪ್ರಜ್ಞಾತಾ" ಮಾರ್ಗಸೂಚಿಯನ್ನು ಹೊರಡಿಸಿತು. ಅದರ ಶಿಫಾರಸಿನನ್ವಯ ಪೂರ್ವ ಪ್ರಾಥಮಿಕ ಮಕ್ಕಳಿಗೆ ದಿನಕ್ಕೆ 30 ನಿಮಿಷ ಮೀರಬಾರದು. 1ರಿಂದ 8ನೇ ತರಗತಿಗೆ 30ರಿಂದ 45 ನಿಮಿಷಗಳ ಎರಡು ಅವಧಿಗಳನ್ನು ಮೀರಬಾರದು.

ಈಗ ಲೆಕ್ಕವನ್ನು ಗಮನಿಸಬಹುದು. 1ರಿಂದ 5ನೇ ತರಗತಿಗೆ 200 ದಿನಗಳಲ್ಲಿ 800 ಗಂಟೆ ಎಂದರೆ ದಿನಕ್ಕೆ ಸರಾಸರಿ 4 ಗಂಟೆ. ಆನ್‌ಲೈನ್ ಅವಧಿ ಗರಿಷ್ಠ ಒಂದೂವರೆ ಗಂಟೆ. ಶಾಲೆ 6 ದಿನ ಮುಚ್ಚಿದರೆ ನಷ್ಟವಾಗುವುದು 24 ಗಂಟೆ. ಪ್ರತಿದಿನ ತಪ್ಪದೆ ಆನ್‌ಲೈನ್ ತರಗತಿ ನಡೆದರೂ ದೊರೆಯುವುದು 9 ಗಂಟೆ. ಕೊರತೆ 15 ಗಂಟೆ. ಮೊಬೈಲ್ ಇಲ್ಲದ ಮಗುವಿಗೆ ಕೊರತೆ ಪೂರ್ಣ 24 ಗಂಟೆ. ಪರದೆಯ ಸಮಯವನ್ನು ಹೆಚ್ಚಿಸಿ ಈ ಕೊರತೆ ತುಂಬುವುದು ಸರಿಯಲ್ಲ. ಮನೆಯ ಚಟುವಟಿಕೆ, ಶಿಕ್ಷಕರ ಭೇಟಿ ಹಾಗೂ ಶಾಲೆ ತೆರೆದ ನಂತರದ ಹೆಚ್ಚುವರಿ ತರಗತಿಗಳಿಂದಲೇ ಇದನ್ನು ತುಂಬಬೇಕಾಗುತ್ತದೆ. ನಷ್ಟವಾದ ದಿನಗಳನ್ನು ಹೇಗೆ ಸರಿದೂಗಿಸಲಾಗುವುದು ಎಂದು ಮುಖ್ಯ ಶಿಕ್ಷಕರನ್ನು ಕೇಳುವುದು ಪೋಷಕರಿಗೆ ಸಲ್ಲುವ ಪ್ರಶ್ನೆಯೇ ಆಗಿದೆ.

7. ಮಧ್ಯಾಹ್ನದ ಊಟದ ಬಗ್ಗೆ

ಅನೇಕ ಮಕ್ಕಳಿಗೆ ಶಾಲೆಯ ಬಿಸಿಯೂಟವೇ ದಿನದ ಮುಖ್ಯ ಊಟವಾಗಿರುತ್ತದೆ. ಹಸಿದ ಮಗುವಿಗೆ ಯಾವ ಪಾಠವೂ ಹತ್ತುವುದಿಲ್ಲವಾದ್ದರಿಂದ ಇದನ್ನು ಪರ್ಯಾಯ ಕಲಿಕೆಯ ಭಾಗವೆಂದೇ ಪರಿಗಣಿಸಬೇಕು. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಅಡಿಯಲ್ಲಿ ಈ ಊಟ ಮಕ್ಕಳ ಹಕ್ಕಾಗಿದೆ. ಊಟ ಒದಗಿಸಲಾಗದ ಸಂದರ್ಭಗಳಿಗಾಗಿ 2015ರ ಮಧ್ಯಾಹ್ನದ ಊಟ ನಿಯಮಗಳಲ್ಲಿ ಆಹಾರ ಭದ್ರತಾ ಭತ್ಯೆಯ ಅವಕಾಶವನ್ನು ಕಲ್ಪಿಸಲಾಗಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಬಿಸಿಯೂಟ ಅಥವಾ ಭತ್ಯೆ ನೀಡುವಂತೆ ಕೇಂದ್ರ ಸರ್ಕಾರ ಸೂಚಿಸಿತು. ರಾಜ್ಯದಲ್ಲಿ ಅಕ್ಷರ ದಾಸೋಹ ಯೋಜನೆಯಡಿ ಅಕ್ಕಿ, ಬೇಳೆ ಮುಂತಾದ ಆಹಾರ ಪದಾರ್ಥಗಳನ್ನು ಮಕ್ಕಳ ಕುಟುಂಬಗಳಿಗೆ ವಿತರಿಸಲಾಯಿತು. ಕೇಂದ್ರದ ಈ ಯೋಜನೆಗೆ 2021ರಲ್ಲಿ ಪಿಎಂ ಪೋಷಣ್ ಎಂದು ಮರುನಾಮಕರಣ ಮಾಡಲಾಗಿದೆ.

ಧಾನ್ಯದ ಪ್ರಮಾಣ ಶಾಲಾ ದಿನವೊಂದಕ್ಕೆ 1ರಿಂದ 5ನೇ ತರಗತಿಗೆ 100 ಗ್ರಾಂ, 6ರಿಂದ 8ನೇ ತರಗತಿಗೆ 150 ಗ್ರಾಂ. 24 ಶಾಲಾ ದಿನಗಳ ಲೆಕ್ಕಕ್ಕೆ ಇದು ಕ್ರಮವಾಗಿ 2.4 ಕಿ.ಗ್ರಾಂ. ಹಾಗೂ 3.6 ಕಿ.ಗ್ರಾಂ. ಆಗುತ್ತದೆ. ದೀರ್ಘಾವಧಿಗೆ ಶಾಲೆ ಮುಚ್ಚಿ ಪದಾರ್ಥ ವಿತರಣೆಗೆ ಆದೇಶವಾದಾಗ ಎಷ್ಟು ದಿನಗಳ ಲೆಕ್ಕದಲ್ಲಿ ನೀಡಲಾಗುತ್ತಿದೆ ಎಂಬುದನ್ನು ಕೇಳಿ ತಿಳಿದುಕೊಂಡು, ತೂಕ ನೋಡಿ, ನಂತರ ಸಹಿ ಮಾಡುವುದು ಸೂಕ್ತ.

8. ವಿಶೇಷ ಗಮನ ಬೇಕಾದ ಮಕ್ಕಳು

(ಅ) ವಿಶೇಷ ಅಗತ್ಯವುಳ್ಳ ಮಕ್ಕಳು: ದೃಷ್ಟಿ, ಶ್ರವಣ ಅಥವಾ ಬೌದ್ಧಿಕ ನ್ಯೂನತೆ ಇರುವ ಮಗುವಿಗೆ ಎಲ್ಲರಿಗೂ ಕಳುಹಿಸಿದ ಹಾಳೆ ಉಪಯೋಗವಾಗದಿರಬಹುದು. ಅಂತಹ ಮಗುವಿನ ಪೋಷಕರು ಮುಖ್ಯ ಶಿಕ್ಷಕರ ಮೂಲಕ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ಸಂಪರ್ಕಿಸಿ ವಿಶೇಷ ಶಿಕ್ಷಕರ ನೆರವು ಕೋರಬಹುದು.

(ಆ) ಊರು ಬಿಟ್ಟ ಕುಟುಂಬಗಳ ಮಕ್ಕಳು: ಶಾಲೆ ಮುಚ್ಚಿದಾಗ ಕೂಲಿಗಾಗಿ ಬೇರೆ ಊರಿಗೆ ಹೋಗುವ ಕುಟುಂಬಗಳು ಹೋಗುವ ಮೊದಲು ತಲುಪುವ ಊರಿನ ಹೆಸರನ್ನು ಶಿಕ್ಷಕರಿಗೆ ತಿಳಿಸಬೇಕು. ಅಲ್ಲಿಯ ಶಾಲೆಗೆ ಸೇರಿಸುವುದಾದಲ್ಲಿ, ಕಾಯ್ದೆಯ ಪ್ರಕರಣ 5ರನ್ವಯ ಮುಖ್ಯ ಶಿಕ್ಷಕರು ಕೂಡಲೇ ವರ್ಗಾವಣೆ ಪತ್ರ ನೀಡತಕ್ಕದ್ದು. ವರ್ಗಾವಣೆ ಪತ್ರ ತರಲು ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆಯು ದಾಖಲಾತಿಯನ್ನು ವಿಳಂಬಗೊಳಿಸುವಂತಿಲ್ಲ, ನಿರಾಕರಿಸುವಂತಿಲ್ಲ.

(ಇ) ಮನೆಗೆಲಸದ ಹೊರೆ ಬಿದ್ದ ಮಕ್ಕಳು: ಶಾಲೆ ಇಲ್ಲದ ದಿನಗಳಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ದನ ಕಾಯುವುದು, ತೋಟದ ಕೆಲಸ ಮುಂತಾದವು ಮಕ್ಕಳ, ವಿಶೇಷವಾಗಿ ಹೆಣ್ಣುಮಕ್ಕಳ ಪಾಲಿಗೆ ಬರುತ್ತವೆ. ದಿನಕ್ಕೆ ಕನಿಷ್ಠ ಎರಡು ಗಂಟೆ ಪುಸ್ತಕಕ್ಕಾಗಿ ಬಿಟ್ಟುಕೊಡುವಂತೆ ಪೋಷಕರಲ್ಲಿ ಕೋರಲಾಗಿದೆ. ಒಮ್ಮೆ ದುಡಿಮೆಗೆ ಹೊಂದಿಕೊಂಡ ಮಗು ಮರಳಿ ಶಾಲೆಗೆ ಬರುವುದು ಕಷ್ಟ.

9. ಪೋಷಕರು ಅನುಸರಿಸಬೇಕಾದ ಕ್ರಮ

ಮಗುವಿಗೆ ಪಾಠ ಅಥವಾ ಸಾಮಗ್ರಿ ತಲುಪದಿದ್ದಲ್ಲಿ ಈ ಕೆಳಕಂಡ ಕ್ರಮದಲ್ಲಿ ಮುಂದುವರಿಯಬಹುದು:

1) ಮೊದಲು ತರಗತಿ ಶಿಕ್ಷಕರಿಗೆ ಮೌಖಿಕವಾಗಿ ತಿಳಿಸುವುದು. ಬಹುತೇಕ ಸಮಸ್ಯೆಗಳು ಇಲ್ಲಿಯೇ ಬಗೆಹರಿಯುತ್ತವೆ.

2) ಬಗೆಹರಿಯದಿದ್ದಲ್ಲಿ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಸಲ್ಲಿಸಿ, ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಗೂ ದಿನಾಂಕ ಪಡೆಯುವುದು.

3) ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸಭೆಯಲ್ಲಿ ವಿಷಯ ಪ್ರಸ್ತಾಪಿಸುವುದು. ಸೇರುವ ಜಾಗ, ಬೀದಿ ದೀಪ, ಸ್ವಯಂಸೇವಕರ ನೆರವು ಮುಂತಾದವುಗಳಿಗೆ ಈ ಸಮಿತಿಯೇ ಸೂಕ್ತ ವೇದಿಕೆ.

4) ನಂತರ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.

5) ಕಾಯ್ದೆಯ ಪ್ರಕರಣ 32ರನ್ವಯ ಮಗುವಿನ ಹಕ್ಕಿಗೆ ಸಂಬಂಧಿಸಿದ ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಪ್ರಾಧಿಕಾರವು ಸಂಬಂಧಪಟ್ಟವರ ಅಹವಾಲು ಕೇಳಿ 3 ತಿಂಗಳೊಳಗೆ ತೀರ್ಮಾನಿಸತಕ್ಕದ್ದು. ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಅರ್ಜಿಗೆ ನಿಗದಿತ ನಮೂನೆಯ ಅವಶ್ಯಕತೆ ಇಲ್ಲ. ಬಿಳಿ ಹಾಳೆಯ ಮೇಲೆ ಈ ಕೆಳಗಿನಂತೆ ಬರೆದರೆ ಸಾಕು:

"ಮುಖ್ಯ ಶಿಕ್ಷಕರಿಗೆ,
ಮಾನ್ಯರೇ,
ವಿಷಯ: ಪರ್ಯಾಯ ಕಲಿಕೆಯ ಸೌಲಭ್ಯ ಒದಗಿಸುವ ಬಗ್ಗೆ.
ನನ್ನ ಮಗ/ಮಗಳು ............ ತಮ್ಮ ಶಾಲೆಯ ...... ನೇ ತರಗತಿಯಲ್ಲಿ ಓದುತ್ತಿದ್ದು, ದಿನಾಂಕ ............ರಿಂದ ಶಾಲಾ ಕಟ್ಟಡ ಮುಚ್ಚಿರುತ್ತದೆ. ನಮ್ಮ ಮನೆಯಲ್ಲಿ ಮೊಬೈಲ್ ಇರುವುದಿಲ್ಲ / ಮೊಬೈಲ್ ಮಗುವಿಗೆ ............ ಗಂಟೆಯ ನಂತರ ಮಾತ್ರ ದೊರೆಯುತ್ತದೆ. ದಿನಾಂಕ ............ರಿಂದ ಮಗುವಿಗೆ ಪಾಠ / ಅಭ್ಯಾಸ ಹಾಳೆ ತಲುಪಿರುವುದಿಲ್ಲ. ಆದ್ದರಿಂದ ಶಿಕ್ಷಕರ ಭೇಟಿ ಹಾಗೂ ಮುದ್ರಿತ ಹಾಳೆಗಳ ವ್ಯವಸ್ಥೆ ಮಾಡಿಕೊಡಬೇಕಾಗಿ ಕೋರುತ್ತೇನೆ.
ತಮ್ಮ ವಿಶ್ವಾಸಿ,
ಸಹಿ / ಹೆಬ್ಬೆರಳಿನ ಗುರುತು"

10. ಶಾಲೆ ಪುನಃ ತೆರೆದಾಗ

ಬಾಗಿಲು ತೆರೆದ ದಿನವೇ ಹೊಸ ಪಾಠ ಆರಂಭಿಸಿದರೆ, ಮುಚ್ಚಿದ ಅವಧಿಯಲ್ಲಿ ಹಿಂದುಳಿದ ಮಗು ಇನ್ನಷ್ಟು ಹಿಂದುಳಿಯುತ್ತದೆ. ಕೋವಿಡ್ ನಂತರ 2022-23ನೇ ಸಾಲನ್ನು ರಾಜ್ಯದಲ್ಲಿ "ಕಲಿಕಾ ಚೇತರಿಕೆ" ವರ್ಷವಾಗಿ ಆಚರಿಸಿ, ಹಿಂದಿನ ತರಗತಿಗಳಲ್ಲಿ ತಪ್ಪಿಹೋದ ಸಾಮರ್ಥ್ಯಗಳನ್ನು ಕಲಿಕಾ ಹಾಳೆಗಳ ಮೂಲಕ ಮರಳಿ ಗಳಿಸಿಕೊಡುವ ಪ್ರಯತ್ನ ಮಾಡಲಾಯಿತು. ಚಿಕ್ಕ ಅವಧಿಯ ಮುಚ್ಚುವಿಕೆಗೂ ಇದೇ ತತ್ವ ಅನ್ವಯಿಸುತ್ತದೆ. ಮೊದಲ ಕೆಲವು ದಿನ ಮಗು ಎಲ್ಲಿದೆ ಎಂದು ಗುರುತಿಸಿ, ನಂತರ ಮುಂದಕ್ಕೆ ಸಾಗಬೇಕು. ಮೊದಲ ವಾರದಲ್ಲಿ ಹಾಜರಾಗದ ಮಕ್ಕಳ ಮನೆಗೆ ಶಿಕ್ಷಕರು ಹಾಗೂ ಸಮಿತಿಯ ಸದಸ್ಯರು ಭೇಟಿ ನೀಡುವುದು ಅಗತ್ಯ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪರ್ಯಾಯ ಕಲಿಕೆಗಾಗಿ ಸ್ಮಾರ್ಟ್‌ಫೋನ್ ಖರೀದಿಸುವುದು ಕಡ್ಡಾಯವೇ?
ಉತ್ತರ: ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯು ಕಲಿಕೆಯ ಹಕ್ಕಿಗೆ ಇಂತಹ ಯಾವುದೇ ಷರತ್ತನ್ನು ವಿಧಿಸಿಲ್ಲ. ಸಾಲ ಮಾಡಿ ಮೊಬೈಲ್ ಕೊಳ್ಳುವ ಮೊದಲು ಶಾಲೆಯಲ್ಲಿ ಮುದ್ರಿತ ಹಾಳೆ ಹಾಗೂ ಭೇಟಿಯ ವ್ಯವಸ್ಥೆಯನ್ನು ಕೋರುವುದು.

ಪ್ರಶ್ನೆ: ಪೋಷಕರಿಗೆ ಓದು ಬರಹ ಬಾರದಿದ್ದಲ್ಲಿ ಮಗುವಿಗೆ ಹೇಗೆ ನೆರವಾಗುವುದು?
ಉತ್ತರ: ದಿನವೂ ಒಂದೇ ಹೊತ್ತಿಗೆ ಮಗುವನ್ನು ಪುಸ್ತಕದ ಮುಂದೆ ಕೂರಿಸುವುದು, ಓದಿದ್ದನ್ನು ಬಾಯಲ್ಲಿ ಹೇಳಿಸುವುದು, ಮೇಲಿನ ತರಗತಿಯ ಮಕ್ಕಳೊಂದಿಗೆ ಕೂರಿಸುವುದು. ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದಲೂ ಕಥೆ ಪುಸ್ತಕಗಳನ್ನು ಪಡೆಯಬಹುದು.

ಪ್ರಶ್ನೆ: ನೆಟ್‌ವರ್ಕ್ ಇಲ್ಲದ ಊರುಗಳಲ್ಲಿ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಬೇಕೇ?
ಉತ್ತರ: ಬೇಡ. ಮಳೆಗಾಲದಲ್ಲಿ ಇದು ಅಪಾಯಕಾರಿ. ಅಂತಹ ಊರಿನ ಎಲ್ಲ ಮಕ್ಕಳನ್ನೂ ಮೊಬೈಲ್ ಇಲ್ಲದ ಗುಂಪಿಗೆ ಸೇರಿಸುವಂತೆ ಶಿಕ್ಷಕರನ್ನು ಕೋರಬೇಕು.

ಪ್ರಶ್ನೆ: ಪ್ರವಾಹದಲ್ಲಿ ಪಠ್ಯಪುಸ್ತಕಗಳು ಹಾಳಾದಲ್ಲಿ ಏನು ಮಾಡಬೇಕು?
ಉತ್ತರ: ಮಗುವಿನ ಹೆಸರು, ತರಗತಿ ಮತ್ತು ಹಾಳಾದ ಪುಸ್ತಕಗಳ ವಿವರವನ್ನು ಮುಖ್ಯ ಶಿಕ್ಷಕರಿಗೆ ಬರೆದು ಕೊಡಬೇಕು. ಅವರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಬೇಡಿಕೆ ಸಲ್ಲಿಸಬಹುದು. ಹೊಸ ಪುಸ್ತಕ ಬರುವವರೆಗೆ ಹಿಂದಿನ ಸಾಲಿನ ಮಕ್ಕಳ ಪುಸ್ತಕಗಳನ್ನು ಬಳಸಿಕೊಳ್ಳಬಹುದು.

ಪ್ರಶ್ನೆ: ಶಿಕ್ಷಕರನ್ನು ಬೇರೆ ಕರ್ತವ್ಯಕ್ಕೆ ನಿಯೋಜಿಸಿದಲ್ಲಿ ಪಾಠ ಯಾರು ಮಾಡುವರು?
ಉತ್ತರ: ಕಾಯ್ದೆಯ ಪ್ರಕರಣ 27ರನ್ವಯ ಜನಗಣತಿ, ವಿಪತ್ತು ಪರಿಹಾರ ಹಾಗೂ ಚುನಾವಣಾ ಕರ್ತವ್ಯಗಳಿಗೆ ಮಾತ್ರ ಶಿಕ್ಷಕರನ್ನು ನಿಯೋಜಿಸಲು ಅವಕಾಶವಿದೆ. ಅಂತಹ ಅವಧಿಯಲ್ಲಿ ಮಕ್ಕಳ ಹೊಣೆಯನ್ನು ಯಾವ ಶಿಕ್ಷಕರಿಗೆ ವಹಿಸಲಾಗಿದೆ ಎಂಬುದನ್ನು ಮುಖ್ಯ ಶಿಕ್ಷಕರಿಂದ ತಿಳಿದುಕೊಳ್ಳಬಹುದು.

ಮುಕ್ತಾಯ

ಕಟ್ಟಡ ಮುಚ್ಚುವುದನ್ನು ಕೆಲವೊಮ್ಮೆ ತಪ್ಪಿಸಲಾಗದು. ಮಕ್ಕಳ ಜೀವಕ್ಕಿಂತ ಪಾಠ ದೊಡ್ಡದಲ್ಲ. ಆದರೆ ಮುಚ್ಚಿದ ಅವಧಿಯಲ್ಲಿ ಯಾವ ಮಗುವಿಗೆ ಪಾಠ ತಲುಪಲಿಲ್ಲ ಎಂಬ ಲೆಕ್ಕವನ್ನು ಶಾಲೆಯೂ ಪೋಷಕರೂ ಸೇರಿ ಇಟ್ಟರೆ ನಷ್ಟವನ್ನು ತುಂಬಲು ಸಾಧ್ಯ. ಲೆಕ್ಕ ಇಡದಿದ್ದರೆ ಆ ನಷ್ಟ ಮಗುವಿನ ಹೆಸರಿಗೇ ಉಳಿದುಬಿಡುತ್ತದೆ. ಆದುದರಿಂದ ಶಿಕ್ಷಕರು ಮನೆಗೆ ಬರುವವರೆಗೆ ಕಾಯದೆ, ಮಗುವಿಗೆ ಪಾಠ ತಲುಪದ ಮೊದಲ ವಾರದಲ್ಲಿಯೇ ಶಾಲೆಗೆ ತಿಳಿಸುವಂತೆ ಎಲ್ಲ ಪೋಷಕರಲ್ಲಿ ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.